ಮುಹೂರ್ತ ಇಟ್ಟರೆ ಮೇಸ್ತ್ರಿ ಬರುತ್ತಾನೆ

ಮನೆ ಕಟ್ಟಿಸಿದವರನ್ನು ಯಾರನ್ನಾದರೂ ಕೇಳಿ ನೋಡಿ. ಕೆಲಸ ಮುಗಿಯುವುದು ದುಡ್ಡು ಕೊಟ್ಟಾಗ ಅಲ್ಲ. ಜಗಳ ಆಡಿದಾಗಲೂ ಅಲ್ಲ. ಗೃಹಪ್ರವೇಶಕ್ಕೆ ದಿನ ಇಟ್ಟು, ಕಾರ್ಡ್ ಪ್ರಿಂಟ್ ಮಾಡಿಸಿ, ಅದರಲ್ಲೊಂದನ್ನು ಅರಿಶಿನ ಕುಂಕುಮ ಹಚ್ಚಿ ಮೇಸ್ತ್ರಿ ಕೈಗೇ ಕೊಟ್ಟಾಗ. ಮಂಡ್ಯದಲ್ಲಿ ನನ್ನ ತಂಗಿ ಮನೆ ಕಟ್ಟಿಸುವಾಗ ಇದನ್ನು ಕಣ್ಣಾರೆ ನೋಡಿದೆ. ಟೈಲ್ಸ್ ಹಾಕುವವನು "ನಾಳೆ ಬತ್ತೀನಿ ಕಣಕ್ಕಾ" ಅಂತ ತಿಂಗಳುಗಟ್ಟಲೆ ಹೇಳಿದ. ಮರಗೆಲಸದವನ ಫೋನ್ ಯಾವಾಗಲೂ ಸ್ವಿಚ್ ಆಫ್. ಪೇಂಟರ್ ಏಣಿ ಮಾತ್ರ ತಂದಿಟ್ಟು ಹೋಗಿದ್ದ. ಕೊನೆಗೆ ಅವಳ ಮಾವ ಒಂದು ದಿನ ಸೀದಾ ಹೋಗಿ ಪುರೋಹಿತರ ಹತ್ತಿರ ಮುಹೂರ್ತ ಇಡಿಸಿಕೊಂಡು ಬಂದರು. ಬಾಗಿಲೇ ಇಲ್ಲದ ಮನೆಗೆ ಪ್ರವೇಶವಾ ಅಂತ ನಾವೆಲ್ಲ ನಕ್ಕೆವು. ಅವರು ಮಾತ್ರ "ದಿನ ಇಟ್ರೆ ಬಾಗಿಲು ತಾನಾಗೇ ಬತ್ತದೆ" ಅಂದರು.

ಬಂತು. ಹಿಂದಿನ ರಾತ್ರಿ ಫೋಕಸ್ ಲೈಟ್ ಹಾಕಿಕೊಂಡು ಕೂರಿಸಿದರು ಅನ್ನುವುದು ಬೇರೆ ಮಾತು. ಮುಹೂರ್ತದ ಹೊತ್ತಿಗೆ ಹೊಸ್ತಿಲು, ಬಾಗಿಲು, ತೋರಣ ಎಲ್ಲ ಇತ್ತು, ಹಾಲು ಉಕ್ಕಿತು. ಬಚ್ಚಲಿನ ನಲ್ಲಿಗೆ ನೀರು ಬರುತ್ತಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ.

ಆವತ್ತಿನಿಂದ ನನಗೆ ಒಂದು ಅನುಮಾನ ಬಲವಾಗಿದೆ. ಒಳ್ಳೆ ಗಳಿಗೆಯಲ್ಲಿ ಶುರು ಮಾಡಿದ ಕೆಲಸ ಒಳ್ಳೇದಾಗುತ್ತದೆ ಅನ್ನುವ ನಂಬಿಕೆ ನಿಜವೋ ಸುಳ್ಳೋ ನಾನು ವಾದ ಮಾಡುವುದಿಲ್ಲ. ಆದರೆ ಗಳಿಗೆ ಅಂತ ಒಂದು ಇಟ್ಟರೆ ಕೆಲಸ ಶುರುವಾದರೂ ಆಗುತ್ತದೆ, ಅಷ್ಟಂತೂ ಖಚಿತ. ನಮ್ಮ ಜನಕ್ಕೆ ಬಾಸ್ ಹೇಳಿದ ಗಡುವು ತಾಗುವುದಿಲ್ಲ, ಬ್ಯಾಂಕ್ ಹೇಳಿದ ಗಡುವು ತಾಗುವುದಿಲ್ಲ, ಪಂಚಾಂಗ ಹೇಳಿದ್ದು ಮಾತ್ರ ತಾಗುತ್ತದೆ. ಮದುವೆಗಳನ್ನೇ ನೋಡಿ. ರಿಸೆಪ್ಷನ್ ಏಳು ಗಂಟೆಗೆ ಅಂತ ಕಾರ್ಡಿನಲ್ಲಿ ಇರುತ್ತದೆ. ಎಂಟೂವರೆ ಆದರೂ ಮದುಮಗಳು ಬ್ಯೂಟಿ ಪಾರ್ಲರಿನಲ್ಲೇ ಇರುತ್ತಾಳೆ, ಯಾರಿಗೂ ಬೇಜಾರಿಲ್ಲ. ಬೆಳಗ್ಗೆ ಧಾರೆ 10:12ಕ್ಕೆ ಅಂದರೆ ಮಾತ್ರ 10:12. ಕಾಫಿ ಕುಡಿಯುತ್ತಾ ನಿಂತಿದ್ದ ದೊಡ್ಡಪ್ಪಂದಿರೆಲ್ಲ ಅಕ್ಷತೆ ಹಿಡಿದು ಓಡಿ ಬರುತ್ತಾರೆ, ಪುರೋಹಿತರು ಎರಡು ಸಲ ವಾಚ್ ನೋಡುತ್ತಾರೆ, ಗಟ್ಟಿಮೇಳ ಗಟ್ಟಿಮೇಳ ಅಂತ ಯಾರೋ ಕೂಗುತ್ತಾರೆ. ಇಡೀ ಛತ್ರ ಒಂದು ನಿಮಿಷಕ್ಕೆ ಕಾಯುತ್ತದೆ. ಇದೇ ಜನ ಸೋಮವಾರ ಆಫೀಸಿಗೆ ಯಾವಾಗ ಹೋಗುತ್ತಾರೆ ಅಂತ ಕೇಳಬಾರದು.

ಇದರ ಇನ್ನೊಂದು ಮುಖ ನನಗೆ ಅಷ್ಟು ಇಷ್ಟ ಇಲ್ಲ. ಗಳಿಗೆಯನ್ನು ಶುರು ಮಾಡೋಕೆ ಬಳಸುವವರಿಗಿಂತ ಮುಂದಕ್ಕೆ ಹಾಕೋಕೆ ಬಳಸುವವರು ಜಾಸ್ತಿ. ಇವತ್ತು ಮಂಗಳವಾರ, ಬೇಡ. ನಾಳೆ ಅಮಾವಾಸ್ಯೆ, ಬೇಡ. ಆಮೇಲೆ ಆಷಾಢ ಬಂತು, ಸರಿ, ಶ್ರಾವಣದಲ್ಲಿ ನೋಡೋಣ. ಶ್ರಾವಣ ಬಂದಾಗ ಆ ವಿಷಯವೇ ಮರೆತಿರುತ್ತದೆ.

ರಾಹುಕಾಲದ್ದಂತೂ ತಮಾಷೆಯೇ ಬೇರೆ. ಗೋಡೆ ಕ್ಯಾಲೆಂಡರಿನಲ್ಲಿ ಇರುವ ಪಟ್ಟಿ ಎಲ್ಲರಿಗೂ ಬಾಯಿಪಾಠ. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು, ಹೀಗೆ. ಈ ಲೆಕ್ಕ ಬಂದಿದ್ದು ಹೇಗೆ ಅಂದರೆ, ಹಗಲನ್ನು ಎಂಟು ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ರಾಹುವಿಗೆ ಬಿಟ್ಟುಕೊಟ್ಟಿದ್ದಾರೆ. ಸೂರ್ಯ ಸರಿಯಾಗಿ 6ಕ್ಕೆ ಹುಟ್ಟಿ 6ಕ್ಕೆ ಮುಳುಗಿದರೆ ಒಂದೊಂದು ಪಾಲು ಒಂದೂವರೆ ಗಂಟೆ. ಆದರೆ ಮೈಸೂರಿನಲ್ಲಿ ಸಂಕ್ರಾಂತಿ ಹೊತ್ತಿಗೆ ಸೂರ್ಯ ಹುಟ್ಟುವುದೇ ಸುಮಾರು 6:48ಕ್ಕೆ, ಮುಳುಗುವುದು 6:17ರ ಹತ್ತಿರ. ಅಂದರೆ ಜನವರಿಯ ಸೋಮವಾರ ರಾಹುಕಾಲ ಶುರುವಾಗುವುದು ಎಂಟೂಕಾಲರ ಹತ್ತಿರ, ಮುಗಿಯುವುದು 9:40ರ ಆಸುಪಾಸು. ಕ್ಯಾಲೆಂಡರ್ ನೋಡಿ, ಒಂಬತ್ತು ಹೊಡೆಯುವ ತನಕ ಗೇಟಿನ ಹತ್ತಿರ ಕಾದು, ಒಂಬತ್ತಕ್ಕೆ ಸರಿಯಾಗಿ ಹೊಸ ಸ್ಕೂಟರ್ ಸ್ಟಾರ್ಟ್ ಮಾಡಿದವರು ಅಪ್ಪಟ ರಾಹುಕಾಲದಲ್ಲೇ ಹೊರಟಿರುತ್ತಾರೆ! ಅವರಿಗೆ ಏನೂ ಆಗಿಲ್ಲ, ಅದು ಸಂತೋಷ.

ಇದು ಕುಹಕ ಅಲ್ಲ. ಶಾಸ್ತ್ರ ಬರೆದವರು ಗಡಿಯಾರ ನೋಡಿ ಬರೆದಿಲ್ಲ, ಸೂರ್ಯನನ್ನು ನೋಡಿ ಬರೆದರು, ಅಷ್ಟೇ ನಾನು ಹೇಳುತ್ತಿರುವುದು. ನಮ್ಮ ಕೈಗಡಿಯಾರದ ಸಮಯ ಮೈಸೂರಿನದ್ದೇ ಅಲ್ಲ. ಭಾರತೀಯ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ನಾವಿರುವುದು 76.65ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ನಾವು ಸುಮಾರು 23 ನಿಮಿಷ ಹಿಂದೆ. ಹಾಗಾಗಿ ಮೈಸೂರಿನಲ್ಲಿ ನಿಜವಾದ ನಡುಮಧ್ಯಾಹ್ನ ಹನ್ನೆರಡಕ್ಕೆ ಆಗುವುದೇ ಇಲ್ಲ. ಫೆಬ್ರವರಿ ನಡುವೆ 12:37ರ ಹತ್ತಿರ, ನವೆಂಬರ್ ಮೊದಲ ವಾರ 12:07ರ ಹತ್ತಿರ. ಅಭಿಜಿನ್ ಲಗ್ನ ಅಂತ ಕಾರ್ಡುಗಳಲ್ಲಿ ಹಾಕಿಸುತ್ತೇವಲ್ಲ, ಅದು ಈ ನಡುಮಧ್ಯಾಹ್ನದ ಆಚೀಚೆ 24 ನಿಮಿಷ, ಒಟ್ಟು 48 ನಿಮಿಷ, ಅಂದರೆ ಎರಡು ಗಳಿಗೆ. ಊರು ಬದಲಾದರೆ ಅದೂ ಬದಲಾಗುತ್ತದೆ. ಯಾವುದೋ ಊರಿನ ಲೆಕ್ಕದ ಆಪ್ ನೋಡಿಕೊಂಡು ಮೈಸೂರಿನಲ್ಲಿ ತೆಂಗಿನಕಾಯಿ ಒಡೆಯುವವರನ್ನು ಕಂಡರೆ ನಮ್ಮ ದೊಡ್ಡಮ್ಮನಿಗೆ ಎಲ್ಲಿಲ್ಲದ ಸಿಟ್ಟು. ಅವರ ಅಡುಗೆಮನೆಯ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ನೇತುಬಿದ್ದಿರುತ್ತದೆ, ಅರಿಶಿನದ ಕೈಯ ಗುರುತೆಲ್ಲ ಅದರ ಮೇಲೆ.

ಸೂರ್ಯನ ಲೆಕ್ಕವನ್ನು ಇನ್ನೂ ಶಿಸ್ತಾಗಿ ಇಟ್ಟುಕೊಂಡವರನ್ನು ನೋಡಬೇಕಾದರೆ ರಂಜಾನ್ ತಿಂಗಳಲ್ಲಿ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋಗಬೇಕು. ಅಲ್ಲಿ ನನ್ನ ಹಳೆ ಸಹೋದ್ಯೋಗಿಯ ಮನೆ ಇದೆ. ಇಫ್ತಾರಿಗೆ ಕರೆದಾಗ ನೋಡಿದ್ದೇನೆ, ಖರ್ಜೂರ ಕೈಯಲ್ಲಿ ಹಿಡಿದು ಎಲ್ಲರೂ ಸುಮ್ನೆ ಕೂತಿರುತ್ತಾರೆ, ಚಿಕ್ಕ ಮಕ್ಕಳು ಕೂಡ. ಬೆಂಗಳೂರಿನಲ್ಲಿ ಆಗಲೇ ರೋಜಾ ಬಿಟ್ಟಾಗಿರುತ್ತದೆ, ಅಲ್ಲಿಂದ ತಮ್ಮ ಫೋನ್ ಮಾಡಿ "ನಮ್ಮದಾಯ್ತು" ಅಂತ ರೇಗಿಸುತ್ತಾನೆ. ಇಲ್ಲಿ ಇನ್ನೂ ನಾಲ್ಕು ನಿಮಿಷ ಇದೆ. ಬೆಂಗಳೂರಿಗಿಂತ ನಾವು ಅಷ್ಟು ಪಶ್ಚಿಮಕ್ಕೆ ಇದ್ದೇವೆ, ಸೂರ್ಯ ಇಲ್ಲಿ ಅಷ್ಟು ತಡವಾಗಿ ಮುಳುಗುತ್ತಾನೆ. ಇಡೀ ದಿನ ಹಸಿದವರಿಗೆ ಆ ನಾಲ್ಕು ನಿಮಿಷ ಏನು ಅಂತ ಊಹಿಸಿ. ಯಾರೂ ಮುಂಚೆ ತಿನ್ನುವುದಿಲ್ಲ. ಅಜಾನ್ ಕೇಳಿದ ಮೇಲೆ ಯಾರೂ ತಡವೂ ಮಾಡುವುದಿಲ್ಲ, ಸಮಯ ಆದ ಮೇಲೆ ಬೇಕಂತಲೇ ಕಾಯುವುದೂ ಸರಿಯಲ್ಲವಂತೆ. ಈ ಎರಡನೇದು ನನಗೆ ತುಂಬಾ ಹಿಡಿಸಿತು.

ತಿಥಿಯ ಕತೆ ಇನ್ನೊಂದು. 2025ರ ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ, ಹತ್ತರ ಬದಲು 11 ದಿನ ನಡೆಯಿತು. ಒಂದು ದಿನ ಜಾಸ್ತಿ ಲೈಟಿಂಗ್ ಸಿಕ್ಕಿತು ಅಂತ ಜನ ಖುಷಿಪಟ್ಟರು. ತಿಥಿ ಅನ್ನುವುದು 24 ಗಂಟೆಯ ಡಬ್ಬಿ ಅಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರ ಒಮ್ಮೆ ಬೇಗ ಓಡುತ್ತಾನೆ, ಒಮ್ಮೆ ಎಳೆಯುತ್ತಾನೆ, ಹಾಗಾಗಿ ತಿಥಿ 20 ಗಂಟೆಗೇ ಮುಗಿಯಬಹುದು, 26 ಗಂಟೆಯೂ ಇರಬಹುದು. ಎರಡು ಸೂರ್ಯೋದಯ ಕಂಡ ತಿಥಿಗೆ ಎರಡು ದಿನ. ಆ ವರ್ಷ ಹಾಗೇ ಆಯಿತು. ಜಂಬೂ ಸವಾರಿ ದಿನ ನಂದಿಧ್ವಜ ಪೂಜೆ ಯಾವ ಲಗ್ನದಲ್ಲಿ, 750 ಕೆಜಿ ಅಂಬಾರಿಯಲ್ಲಿ ಕೂತ ತಾಯಿಗೆ ಪುಷ್ಪಾರ್ಚನೆ ಯಾವ ಲಗ್ನದಲ್ಲಿ ಅಂತ ಮೊದಲೇ ಪೇಪರಿನಲ್ಲಿ ಬರುತ್ತದೆ. ಸ್ತಬ್ಧಚಿತ್ರಗಳ ಸಾಲು ಉದ್ದವಾಗಿ ಅಂಬಾರಿ ತಡವಾದರೆ ರಸ್ತೆ ಬದಿ ಚಾಪೆ ಹಾಸಿ ಕೂತ ಅಜ್ಜಿಯರು ಲಗ್ನ ಮೀರಿತಲ್ಲಪ್ಪಾ ಅಂತ ಗೊಣಗುತ್ತಾರೆ, ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ.

ಇಷ್ಟೆಲ್ಲ ಪಂಚಾಂಗ ನೋಡುವ ದೊಡ್ಡಮ್ಮ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆಸ್ಪತ್ರೆಗೆ ಹೊರಡುವಾಗ ಅದನ್ನು ಮುಟ್ಟಬಾರದು. ನೆಂಟರ ಪೈಕಿ ಒಬ್ಬರಿಗೆ ಬೆಳಗ್ಗೆ ಕಾಫಿ ಕುಡಿಯುವಾಗ ಬಾಯಿ ಸೊಟ್ಟಗಾಗಿ, ಲೋಟ ಕೈಜಾರಿ ಬಿತ್ತು. ಮನೆಯವರು ಗಾಬರಿಯಲ್ಲಿ, ರಾಹುಕಾಲ ಕಳೆದುಬಿಡಲಿ, ಅಷ್ಟರಲ್ಲಿ ಎಣ್ಣೆ ತಿಕ್ಕೋಣ ಅಂತ ಕೂತರು. ದೊಡ್ಡಮ್ಮ ಫೋನಿನಲ್ಲೇ ಬೈದು ಗಾಡಿ ಹತ್ತಿಸಿದರು. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡುವುದು ನಾಲ್ಕೂವರೆ ಗಂಟೆಯ ಒಳಗೆ. ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಅದರಲ್ಲಿ ಒಂದೂವರೆ ಗಂಟೆ ರಾಹುವಿಗೆ ಕೊಟ್ಟರೆ ಉಳಿಯುವುದೇನು? ಹೆರಿಗೆಯದ್ದೂ ಇದೇ ಗೋಳು. ಸಿಸೇರಿಯನ್ ಮಾಡಲೇಬೇಕು ಅಂತಿದ್ದಾಗ ಒಳ್ಳೆ ನಕ್ಷತ್ರದ ದಿನ ಕೇಳುವುದು ಈಗ ಮಾಮೂಲಿ. ಎರಡು ದಿನ ಆಚೀಚೆ ಆದರೆ ಡಾಕ್ಟರೂ ಒಪ್ಪುತ್ತಾರೆ. ಆದರೆ ತೊಂದರೆ ಇಲ್ಲದ ಬಸುರಿಯಲ್ಲಿ 39 ವಾರ ತುಂಬುವ ಮೊದಲೇ ಮಗುವನ್ನು ತೆಗೆದರೆ ಉಸಿರಾಟದ ತೊಂದರೆ ಬರುವುದು ಜಾಸ್ತಿ ಅಂತ ಅವರು ಹೇಳಿದರೆ, "ಮುಂದಿನ ವಾರ ಮೂಲಾ ನಕ್ಷತ್ರ ಬರುತ್ತೆ ಮೇಡಂ" ಅಂತ ಅವರಿಗೇ ಪಾಠ ಹೇಳುವವರಿದ್ದಾರೆ. ಮಗುವಿಗೂ ಒಂದು ಹೊತ್ತು ಗೊತ್ತಿರುತ್ತದೆ, ಅಲ್ವಾ?

ಈ ಸಮಯದ ಮಾತು ನನಗೆ ನಿಜವಾಗಿ ಅರ್ಥ ಆಗಿದ್ದು ತವರಿನಲ್ಲಿ, ಪಾಂಡವಪುರದ ಕಡೆ. ಅಲ್ಲಿ ಎಲ್ಲದಕ್ಕೂ ಹೊತ್ತು ಇದೆ, ಆದರೆ ಅದನ್ನು ಹೇಳುವವರು ಒಬ್ಬರಲ್ಲ. ಮಳೆಗೆ ನಕ್ಷತ್ರ ಹೇಳುತ್ತದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಆ ನಕ್ಷತ್ರದ ಹೆಸರಿನ ಒಂದು ಮಳೆ. ಜೂನ್ 22ರ ಹೊತ್ತಿಗೆ ಆರಿದ್ರಾ ಶುರು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವ ಗಾದೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ನಾಲೆ ಬಯಲಿನ ಭತ್ತಕ್ಕೆ ಆರಿದ್ರಾ ಒಂದೇ ಸಾಲದು, ಕನ್ನಂಬಾಡಿ ಕಟ್ಟೆಯಲ್ಲಿ (ಕೆಆರ್‌ಎಸ್) ನೀರು ಎಷ್ಟು ಅಡಿ ಇದೆ ಅನ್ನುವುದೂ ಬೇಕು. 124.80 ಅಡಿ ತುಂಬಿದರೆ ಸಮಾಧಾನ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ, 30ನೇ ತಾರೀಕು ಬಾಗಿನ ಬಿಟ್ಟರು. 2023ರಲ್ಲಿ ತುಂಬಲೇ ಇಲ್ಲ. ಒಟ್ಲು (ಭತ್ತದ ಸಸಿಮಡಿ) ಯಾವಾಗ ಹಾಕುವುದು ಅನ್ನುವ ಲೆಕ್ಕ ಇಲ್ಲೇ ಕೆಡುವುದು. ನಾಲೆಗೆ ನೀರು ಬಿಡುತ್ತಾರೆ ಅಂತ ನಂಬಿ ಒಟ್ಲು ಹಾಕಿದರೆ ಪೈರು ಮೂರು ವಾರಕ್ಕೆ ನಾಟಿಗೆ ಬಂದು ನಿಲ್ಲುತ್ತದೆ. ನೀರು ಬರಲಿಲ್ಲ ಅಂದರೆ ಅದು ಒಟ್ಲಿನಲ್ಲೇ ಮುದಿಯಾಗುತ್ತದೆ. ಆಮೇಲೆ ನೆಟ್ಟರೂ ತೆಂಡೆ, ಅಂದರೆ ಬುಡದ ಮರಿಪೈರು, ಸರಿಯಾಗಿ ಒಡೆಯುವುದಿಲ್ಲ. ನೀರು ಬಿಟ್ಟ ಮೇಲೇ ಹಾಕೋಣ ಅಂತ ಕೂತರೆ ನಾಟಿ ತಡ, ಕಾಳು ಕಟ್ಟುವ ಹೊತ್ತಿಗೆ ಚಳಿ. ಕಟ್ಟು ನೀರಿನ ಪದ್ಧತಿ ಬಂತು ಅಂದರೆ ಮುಗಿಯಿತು, ನಮ್ಮ ಸರದಿ ರಾತ್ರಿ ಎರಡು ಗಂಟೆಗೆ ಬಂದರೆ ಎರಡಕ್ಕೇ ಗುದ್ದಲಿ ಹಿಡಿದು ಹೋಗಬೇಕು, ಮೇಲಿನ ಗದ್ದೆಯವರು ತೂಬು ಮುಚ್ಚದಿದ್ದರೆ ಅದನ್ನೂ ನೋಡಬೇಕು. ಆ ಹೊತ್ತು ಶುಭವೋ ಅಶುಭವೋ ಕೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಸೋದರಮಾವನ ಆಲೆಮನೆ, ಅಂದರೆ ಬೆಲ್ಲ ಮಾಡುವ ಜಾಗದ ಬಗ್ಗೆ ಹೇಳಲೇಬೇಕು. ಗಾಣ ಶುರು ಮಾಡುವ ದಿನ ಅವರು ಒಳ್ಳೆ ದಿನ ನೋಡಿ ಪೂಜೆ ಮಾಡುತ್ತಾರೆ, ಗಾಣಕ್ಕೆ ಕುಂಕುಮ ಇಡುತ್ತಾರೆ, ಮೊದಲ ಕಬ್ಬನ್ನು ಮನೆಯ ಹಿರಿಯರಿಂದ ಕೊಡಿಸುತ್ತಾರೆ. ಅಲ್ಲಿಗೆ ಪಂಚಾಂಗದ ಕೆಲಸ ಮುಗಿಯಿತು. ಆಮೇಲೆ ಎಲ್ಲ ಒಲೆಯ ಮುಂದೆ ನಿಂತವರ ಕಣ್ಣು. ಕೊಪ್ಪರಿಗೆಯಲ್ಲಿ ಹಾಲು ಕಾಯುತ್ತದೆ (ಕಬ್ಬಿನ ಹಾಲು, ಪೇಟೆಯವರಿಗೆ ಹೇಳಬೇಕಲ್ಲ), ಸುಣ್ಣ ಹಾಕಿದ ಮೇಲೆ ಮಡ್ಡಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಲೇ ಇರಬೇಕು, ಕೆಳಗೆ ಒಬ್ಬ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಲೇ ಇರುತ್ತಾನೆ. ತಾಸುಗಟ್ಟಲೆ ಏನೂ ಆಗುವುದಿಲ್ಲ. ಗುಳ್ಳೆ ಸಣ್ಣದಿಂದ ದೊಡ್ಡದಾಗುತ್ತದೆ, ಬಣ್ಣ ತಿರುಗುತ್ತದೆ, ವಾಸನೆ ಬದಲಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಮಾವ ಒಂದು ತೊಟ್ಟು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟುತ್ತಾರೆ. ಜಾರಿದರೆ ಇನ್ನೂ ಇಲ್ಲ. ಉಂಡೆ ಕಟ್ಟಿದರೆ "ಎತ್ರೋ!" ಅಂತ ಕೂಗು. ಆಗ ಯಾರ ಫೋನ್ ಬಂದರೂ, ಮನೆ ಬಾಗಿಲಿಗೆ ಮಂತ್ರಿ ಬಂದರೂ ಕೇಳುವವರಿಲ್ಲ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಂಟು. ಸ್ವಲ್ಪ ತಡವಾದರೆ ಕಪ್ಪಾಗಿ ಕಹಿ. ಒಂದು ಕೊಪ್ಪರಿಗೆ ಹಾಳಾದರೆ ಆ ದಿನದ ಕೂಲಿಯೂ ಹೋಯಿತು.

ಪಾಕ ನೋಡಲು ಥರ್ಮಾಮೀಟರ್ ಇಟ್ಟುಕೊಳ್ಳಬಹುದಲ್ಲ ಅಂತ ನನ್ನ ಮಗ ಕೇಳಿದ. ಮಾವ ನಗಲಿಲ್ಲ. ಇಟ್ಟುಕೊಂಡವರೂ ಇದ್ದಾರೆ, ಆದರೆ ಒಂದೊಂದು ಗದ್ದೆಯ ಕಬ್ಬಿನ ಹಾಲು ಒಂದೊಂದು ಥರ, ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬಾದರೆ ಇನ್ನೊಂದು ಥರ, ಅಂದರು. "ಶುರು ಮಾಡಾಕೆ ಐನೋರು ಹೇಳ್ತಾರೆ, ಇಳಿಸಾಕೆ ಅದೇ ಹೇಳ್ತದೆ." ಅವರು ದೊಡ್ಡ ಮಾತು ಹೇಳುತ್ತಿದ್ದೇನೆ ಅಂತ ಹೇಳಿದ್ದಲ್ಲ. ಅಷ್ಟು ಹೊತ್ತಿಗೆ ಇನ್ನೊಂದು ಕೊಪ್ಪರಿಗೆ ಕಡೆ ತಿರುಗಿದ್ದರು.

ನಂಬಿಕೆ ಮತ್ತು ಹೊತ್ತು ಎರಡೂ ಒಟ್ಟಿಗೆ ಚೆನ್ನಾಗಿ ಕೂಡಿರುವುದನ್ನು ನೋಡಬೇಕಾದರೆ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋಗಿ. ಫಾಲ್ಗುಣ ಮಾಸದ ಪುಷ್ಯ ನಕ್ಷತ್ರದ ದಿನ. ವೈರಮುಡಿ ಅನ್ನುವ ವಜ್ರದ ಕಿರೀಟಕ್ಕೆ ಬಿಸಿಲು ಸೋಕಬಾರದು ಅನ್ನುವುದು ನಂಬಿಕೆ, ಅದಕ್ಕೇ ಚೆಲುವನಾರಾಯಣನಿಗೆ ಅದನ್ನು ತೊಡಿಸುವುದು ರಾತ್ರಿ ಮಾತ್ರ. ವರ್ಷವೆಲ್ಲ ಅದು ಇರುವುದು ಮಂಡ್ಯದ ಖಜಾನೆಯಲ್ಲಿ. ಬೆಳಗ್ಗೆ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ದಾರಿಯ ಹಳ್ಳಿಗಳಲ್ಲಿ ರಂಗೋಲಿ ಹಾಕಿ, ಹಣ್ಣುಕಾಯಿ ಹಿಡಿದು ಕಾಯುತ್ತಿರುತ್ತಾರೆ. ಎಲ್ಲಾ ಕಡೆ ನಿಲ್ಲಿಸಿ ಪೂಜೆ ಮಾಡಿಸಿಕೊಂಡು ಸಂಜೆಗೆ ಬೆಟ್ಟ ಸೇರಬೇಕು. ಅಧಿಕಾರಿಗಳು, ಪೊಲೀಸರು, ಅರ್ಚಕರು, ಎಲ್ಲರೂ ಒಂದೇ ಹೊತ್ತಿಗೆ ಕಟ್ಟುಬಿದ್ದು ಓಡಾಡುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಬೆಳಕು ಹರಿಯುವ ಮೊದಲು ಎಲ್ಲ ಮುಗಿದಿರಬೇಕು. ಸೂರ್ಯನಿಗೆ ಎಕ್ಸ್‌ಟೆನ್ಷನ್ ಕೇಳುವ ಹಾಗಿಲ್ಲವಲ್ಲ.

ಆಷಾಢದ ಬಗ್ಗೆ ಒಂದೇ ಮಾತು. ಅದನ್ನು ಕೆಟ್ಟ ತಿಂಗಳು ಅನ್ನುವವರು ಒಂದು ಶುಕ್ರವಾರ ಚಾಮುಂಡಿ ಬೆಟ್ಟದ ಕ್ಯೂನಲ್ಲಿ ನಿಂತು ನೋಡಲಿ. ಮದುವೆ ಮಾಡಬಾರದು, ಹೊಸ ಸೊಸೆ ಅತ್ತೆ ಮನೆಯಲ್ಲಿ ಇರಬಾರದು ಅಂತ ಹೇಳುವ ಅದೇ ತಿಂಗಳಲ್ಲಿ ತಾಯಿಯ ದರ್ಶನಕ್ಕೆ ಮೈಸೂರೆಲ್ಲ ಮಳೆಯಲ್ಲಿ ಮೆಟ್ಟಿಲು ಹತ್ತುತ್ತದೆ. ಹೊಲಗದ್ದೆ ಕೆಲಸ ತಲೆ ಮೇಲೆ ಇರುವಾಗ ಮದುವೆ ಯಾಕೆ ಅಂತ ಹಿಂದಿನವರು ಇಟ್ಟಿರಬೇಕು ಅಂತ ನನ್ನ ಊಹೆ. ದೊಡ್ಡಮ್ಮ ಇದನ್ನು ಒಪ್ಪುವುದಿಲ್ಲ.

ಹಿಂದಿನವರು ನಮಗಿಂತ ಜಾಣರು, ತಪ್ಪಿಸಿಕೊಳ್ಳುವ ದಾರಿಯನ್ನೂ ಅವರೇ ಮಾಡಿಟ್ಟಿದ್ದರು. ಪರಸ್ಥಾನ ಇಡುವುದು ಅಂತ ಕೇಳಿದ್ದೀರಾ? ಪ್ರಯಾಣದ ದಿನ ಸರಿಯಿಲ್ಲ, ಆದರೆ ಹೋಗಲೇಬೇಕು. ಆಗ ಒಳ್ಳೆ ಹೊತ್ತಿನಲ್ಲಿ ಮೊದಲೇ ಒಂದು ಬಟ್ಟೆ ಗಂಟನ್ನೋ ಅಕ್ಕಿಯನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಲೆಕ್ಕಕ್ಕೆ ಪ್ರಯಾಣ ಆಗಲೇ ಶುರುವಾಯಿತು. ಮಾರನೇ ದಿನ ಯಾವಾಗ ಹೊರಟರೂ ದೋಷ ಇಲ್ಲ. ನಂಬಿಕೆಯೂ ಉಳಿಯಿತು, ಬಸ್ಸೂ ಸಿಕ್ಕಿತು.

ಮೊನ್ನೆ ನಮ್ಮ ಚಿಕ್ಕಪ್ಪನ ಮಗ ಸೈಟ್ ರಿಜಿಸ್ಟ್ರೇಷನ್ ಮಾಡಿಸುವಾಗ ಇದೇ ಉಪಾಯ ಮಾಡಿದರು. ಆನ್‌ಲೈನ್‌ನಲ್ಲಿ ಸಿಕ್ಕಿದ್ದ ಸ್ಲಾಟ್ ಶುಕ್ರವಾರ ಹನ್ನೊಂದು ಗಂಟೆಗೆ, ಕ್ಯಾಲೆಂಡರಿನ ಪ್ರಕಾರ ರಾಹುಕಾಲದ ನಡುಮಧ್ಯ. ಬೇರೆ ಸ್ಲಾಟ್ ತಗೋ ಅಂತ ಅವನ ಮಾವನವರು ಹಟ ಹಿಡಿದರು. ಮಾರುವವರು ಅವತ್ತು ಸಂಜೆಯೇ ಊರಿಗೆ ಹೊರಡುವವರು, ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಕೊನೆಗೆ ದೊಡ್ಡಮ್ಮ ತೀರ್ಪು ಕೊಟ್ಟರು. ಹತ್ತೂಕಾಲಿಗೆ ಕಾಗದದ ಫೈಲನ್ನು ದೇವರ ಮುಂದೆ ಇಟ್ಟು, ಮನೆಯಿಂದ ಆಚೆ ತಂದು, ಕಾರಿನ ಸೀಟಿನ ಮೇಲೆ ಕೂರಿಸಿದರು. ಮನುಷ್ಯರು ನಿಧಾನವಾಗಿ ತಿಂಡಿ ತಿಂದು ಹೊರಟರು. ಆಫೀಸಿಗೆ ಹೋದರೆ ಸರ್ವರ್ ಡೌನ್. ಹನ್ನೊಂದೂ ಆಯಿತು, ಹನ್ನೊಂದೂವರೆಯೂ ಆಯಿತು, ಒಬ್ಬರದ್ದೂ ಹೆಬ್ಬೆಟ್ಟು ತಗೊಳ್ಳುತ್ತಿಲ್ಲ, ಸಾಲಿನಲ್ಲಿದ್ದವರೆಲ್ಲ ಬೈಯುತ್ತಿದ್ದಾರೆ. ಸರ್ವರ್ ಎದ್ದು ಇವರ ಹೆಸರು ಕೂಗಿದಾಗ ಹನ್ನೆರಡು ಇಪ್ಪತ್ತು. ಮಾವನವರ ಮುಖ ಆಗ ನೋಡಬೇಕಿತ್ತು. ಅಲ್ಲಿದ್ದ ಆಪರೇಟರ್ ಹುಡುಗನಿಗೆ ಕೈಮುಗಿದು, ಸ್ವೀಟ್ ಬಾಕ್ಸ್ ಕೊಟ್ಟು, "ಸರಿಯಾದ ಟೈಮಿಗೇ ಮಾಡಿಕೊಟ್ರಿ ಸ್ವಾಮಿ" ಅಂದರು. ಬೆಳಗ್ಗೆಯಿಂದ ಬೈಗುಳ ಮಾತ್ರ ತಿಂದಿದ್ದ ಆ ಹುಡುಗ, ಇವರು ವ್ಯಂಗ್ಯ ಮಾಡುತ್ತಿದ್ದಾರೆ ಅಂದುಕೊಂಡು ಬಾಕ್ಸ್ ಮುಟ್ಟಲೇ ಇಲ್ಲವಂತೆ.